ಬಸ್ ಸ್ಟ್ಯಾಂಡ್ ಪರಿಣತಿ
ನಮ್ಮ ಕೊಡಗಿನ ಕೈಲ್ ಪೊಳ್ದ್ ಹಬ್ಬಕ್ಕೆ ಅಕ್ಕಿ ಉಂಡೆ ಕಡಂಬುಟ್ಟು ತಿಂದೆ, ಹಂದಿ ಮಾಂಸದ ಪಂದಿ ಕರಿ ಮುಟ್ಟಲಿಲ್ಲ. "ಒಂದು ತುಂಡಿಗೆ ಏನಾಗುತ್ತೆ?" ಅಂದರು ಮಾವ. ಸುಮ್ನೆ ನಕ್ಕೆ.

ನನ್ನದು ಕ್ರೋನ್ಸ್ ಕಾಯಿಲೆ, ಕರುಳಿನಲ್ಲಿ ಉರಿಯೂತ ಬಂದು ಹೊಟ್ಟೆನೋವು, ಭೇದಿ ಕಾಡುವಂಥದ್ದು. ಮೊದಲು ಗ್ಯಾಸ್ಟ್ರಿಕ್ ಅಂದರು. ಆಮೇಲೆ ಕರುಳಿನ ಟಿಬಿ ಅಂತ ತಿಂಗಳುಗಟ್ಟಲೆ ಮಾತ್ರೆ. ಡಾಕ್ಟರನ್ನು ಬೈಯುವುದು ಸುಲಭ. ಆದರೆ ಕ್ಯಾಮೆರಾ ಹಾಕಿ ಕರುಳು ನೋಡುವ ಕೊಲೊನೋಸ್ಕೋಪಿ ಮಾಡಿದರೂ, ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಮಾಡಿದರೂ ಕ್ರೋನ್ಸ್, ಟಿಬಿ ಎರಡೂ ಒಂದೇ ಥರ ಕಾಣಬಹುದು. ಟಿಬಿ ಜಾಸ್ತಿ ಇರುವ ನಮ್ಮಲ್ಲಿ ಅನುಮಾನ ಮೊದಲು ಅತ್ತಲೇ ಹೋಗುತ್ತದೆ. ಅಷ್ಟರಲ್ಲಿ ಕರುಳು ಒಂದು ಕಡೆ ಕಿರಿದಾಗಿತ್ತು, ಅದೇ ಬೇಜಾರು.

ಪೂರ್ತಿ ವಾಸಿಯಾಗುವ ಕಾಯಿಲೆ ಅಲ್ಲ. ಔಷಧಿಯಿಂದ ಸದ್ಯಕ್ಕೆ ಹಿಡಿತದಲ್ಲಿದೆ. ಮಡಿಕೇರಿಯಿಂದ ಮೈಸೂರಿಗೆ ಚೆಕಪ್‌ಗೆ ಹೊರಟರೆ ನನಗೆ ಕಿಟಕಿ ಸೀಟು ಬೇಡ. ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು, ಯಾವ ಬಸ್ ಸ್ಟ್ಯಾಂಡಿನ ಟಾಯ್ಲೆಟ್ ಎಲ್ಲಿದೆ ಅಂತ ನನ್ನನ್ನೇ ಕೇಳಿ. ಚಿಲ್ಲರೆ ನಾನೇ ಇಟ್ಟುಕೊಂಡಿರುತ್ತೇನೆ, ನಲ್ಲಿಯಲ್ಲಿ ನೀರಿದ್ದರೆ ಸಾಕು.