ಮಳೆಗಾಲದ ಮನೆಗೆ 12 ವೋಲ್ಟಿನ ಇಂಟರ್ನೆಟ್

ಶಿರಸಿ ಪೇಟೆಯಿಂದ ನಮ್ಮ ಊರಿನವರೆಗೆ ವಿದ್ಯುತ್ ತಂತಿ ಬಂದಿರುವುದು ಬಹುಪಾಲು ಕಾಡಿನ ನಡುವೆ. ಜೂನ್ ತಿಂಗಳ ಗಾಳಿಮಳೆಗೆ ಅದರ ಮೇಲೆ ಮರವೋ ಟೊಂಗೆಯೋ ಬೀಳುವುದು, ಲೈನ್‌ಮನ್ ಕತ್ತಿ ಹಿಡಿದು ಮಳೆಯಲ್ಲೇ ಕಂಬದಿಂದ ಕಂಬಕ್ಕೆ ನಡೆದು ಅದನ್ನು ಹುಡುಕುವುದು ಪ್ರತಿವರ್ಷದ ಪದ್ಧತಿಯಾಗಿರುವುದರಿಂದ, ಎರಡು ದಿನ ಕರೆಂಟು ಇಲ್ಲದಿದ್ದರೂ ಇಲ್ಲಿ ಯಾರೂ ಅಚ್ಚರಿಪಡುವುದಿಲ್ಲ. ಆದರೆ ತೋಟದ ಮನೆಯಲ್ಲಿ ಕುಳಿತು ಬೆಂಗಳೂರಿನ ಕಚೇರಿಯ ಕೆಲಸ ಮಾಡುವ ನನ್ನಂಥವನು ಪ್ರತಿ ಮಳೆಗಾಲವೂ ಎರಡು ದಿನ ಕಾಣೆಯಾದರೆ ಕಚೇರಿಯವರು ಎಷ್ಟು ಸಲ ಸಹಿಸಿಯಾರು?

ಮನೆಯಲ್ಲಿ ಇನ್ವರ್ಟರ್ ಇಲ್ಲದಿರಲಿಲ್ಲ. 150 ಆಂಪಿಯರ್-ಗಂಟೆಯ ಟ್ಯೂಬುಲರ್ ಬ್ಯಾಟರಿಯೇ ಇತ್ತು. ದೀಪ, ಫ್ಯಾನು, ಅಪ್ಪಯ್ಯನ ಟಿವಿ, ಅಮ್ಮನ ಮಿಕ್ಸಿ ಎಲ್ಲವೂ ಅದನ್ನೇ ನಂಬಿಕೊಂಡಿದ್ದರಿಂದ ಮೊದಲ ರಾತ್ರಿಯೇ ಅದು ಕೂಗಿಕೊಂಡು ಆರುತ್ತಿತ್ತು. ಅದರ ಜೊತೆಗೆ ನಮ್ಮೂರಿನ ವೋಲ್ಟೇಜಿನ ಕಥೆ ಬೇರೆ. ಇನ್ವರ್ಟರಿನ ಹಿಂಬದಿಯ ಚಿಕ್ಕ ಸ್ವಿಚ್ಚು ಯುಪಿಎಸ್ ಕಡೆಗಿದ್ದರೆ, ಸರಬರಾಜು ಸುಮಾರು 180 ವೋಲ್ಟಿಗಿಂತ ಕೆಳಗಿಳಿದ ಕೂಡಲೇ ಅದು ಬ್ಯಾಟರಿಗೆ ಹಾರುತ್ತದೆ. ಸಂಜೆ ಹೊತ್ತಿಗೆ 160ರ ಆಸುಪಾಸಿನಲ್ಲಿ ತೆವಳುವ ನಮ್ಮ ಲೈನಿನಲ್ಲಿ, ಕರೆಂಟು ಇದ್ದಾಗಲೂ ಬ್ಯಾಟರಿ ಖಾಲಿಯಾಗುತ್ತಿತ್ತು ಎಂಬುದು ನನಗೆ ತಿಳಿದದ್ದು ಎರಡು ವರ್ಷ ಕಳೆದ ಮೇಲೆ. ಸ್ವಿಚ್ಚನ್ನು ಕಡಿಮೆ ವೋಲ್ಟೇಜನ್ನೂ ಸಹಿಸಿಕೊಳ್ಳುವ ಇನ್ನೊಂದು ಬದಿಗೆ ತಳ್ಳಿದ್ದಷ್ಟೇ ಅದಕ್ಕೆ ಪರಿಹಾರ.

ಆಮೇಲೆ ಒಂದು ದಿನ ಫೈಬರ್ ಮೋಡೆಮ್ಮಿನ ಅಡಾಪ್ಟರನ್ನು ತಿರುಗಿಸಿ ಓದಿದೆ. 12 ವೋಲ್ಟ್, 1 ಆಂಪಿಯರ್ ಎಂದು ಬರೆದಿತ್ತು, ಅಂದರೆ ಹೆಚ್ಚೆಂದರೆ 12 ವ್ಯಾಟ್. ಮೀಟರ್ ಹಚ್ಚಿ ನೋಡಿದರೆ ವೈಫೈ ನಡೆಯುತ್ತಿರುವಾಗಲೂ ಅದು ಎಳೆಯುತ್ತಿದ್ದುದು ಸುಮಾರು 8 ವ್ಯಾಟ್ ಮಾತ್ರ. ಇಷ್ಟು ಅಲ್ಪಾಹಾರಿಯಾದ ಪೆಟ್ಟಿಗೆಗೆ ಬ್ಯಾಟರಿಯ 12 ವೋಲ್ಟನ್ನು 230ಕ್ಕೆ ಏರಿಸಿ, ಮತ್ತೆ ಅಡಾಪ್ಟರಿನಲ್ಲಿ 12ಕ್ಕೆ ಇಳಿಸಿ ಕೊಡುವುದು, ಮನೆಯ ಬಾವಿಯ ನೀರನ್ನು ಗುಡ್ಡ ಹತ್ತಿಸಿ ಪುನಃ ಮನೆಗೇ ಇಳಿಸಿಕೊಂಡಂತೆ. ಆ ಹತ್ತಿಳಿಯುವ ಕೆಲಸಕ್ಕಾಗಿ ಇನ್ವರ್ಟರ್ ತಾನೇ ತಿನ್ನುವ ವಿದ್ಯುತ್ತು ಎಷ್ಟೋ ಸಲ ಮೋಡೆಮ್ಮಿನ ಪಾಲಿಗಿಂತ ಹೆಚ್ಚು.

ಹೀಗಾಗಿ ಅಡಾಪ್ಟರಿಗೂ ಮೋಡೆಮ್ಮಿಗೂ ನಡುವೆ ಕೂತು, ಕರೆಂಟು ಹೋದಾಗ ತನ್ನೊಳಗಿನ ಬ್ಯಾಟರಿಯಿಂದ ನೇರವಾಗಿ 12 ವೋಲ್ಟ್ ಕೊಡುವ ಅಂಗೈಯಗಲದ ಡಿಸಿ ಯುಪಿಎಸ್ ತಂದೆ. ಅದರ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ 8800 ಎಂಎಎಚ್ (ಮಿಲಿಆಂಪಿಯರ್-ಗಂಟೆ), ಅಂದರೆ 8.8 ಆಂಪಿಯರ್-ಗಂಟೆ ಎಂದಿತ್ತು. ಕೊಳ್ಳುವವರು ಎಡವುವುದು ಇಲ್ಲಿಯೇ. ಆ ಸಂಖ್ಯೆ ಒಳಗಿನ ಲಿಥಿಯಂ ಸೆಲ್ಲಿನ 3.7 ವೋಲ್ಟಿಗೆ ಸಂಬಂಧಿಸಿದ್ದೇ ಹೊರತು ಹೊರಬರುವ 12 ವೋಲ್ಟಿಗಲ್ಲ. ಗುಣಿಸಿದರೆ ಸಿಗುವುದು ಸುಮಾರು 32 ವ್ಯಾಟ್-ಗಂಟೆ. ಪರಿವರ್ತನೆಯಲ್ಲಿ ಸೋರುವುದನ್ನು ಕಳೆದರೆ 8 ವ್ಯಾಟಿನ ಮೋಡೆಮ್ ಮೂರೂವರೆ ಗಂಟೆ ನಡೆದೀತು, ಗಡಿಯಾರ ನೋಡಿ ಅಳೆದಾಗ ನಡೆದದ್ದೂ ಅಷ್ಟೇ. ಆದರೂ ಅದು ಇಷ್ಟವಾಯಿತು. ಇನ್ವರ್ಟರ್ ಬ್ಯಾಟರಿಗೆ ಹಾರುವ ಅರೆಕ್ಷಣದಲ್ಲಿ ಮೊದಲು ಮೋಡೆಮ್ ಒಮ್ಮೊಮ್ಮೆ ಸತ್ತು ಹುಟ್ಟುತ್ತಿತ್ತು, ಮತ್ತೆ ಸಂಪರ್ಕ ಹಿಡಿಯಲು ಮೂರು ನಿಮಿಷ ಬೇಕಾಗುತ್ತಿತ್ತು. ಈಗ ಕರೆಂಟು ಹೋದದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ.

ಮೂರೂವರೆ ಗಂಟೆ ನಮ್ಮ ಮಳೆಗಾಲಕ್ಕೆ ಯಾವ ಮೂಲೆಗೂ ಸಾಲದು. 12.8 ವೋಲ್ಟ್, 12 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯೊಂದನ್ನು ತರಿಸಿದೆ. 153 ವ್ಯಾಟ್-ಗಂಟೆಯ ಲೆಕ್ಕದಲ್ಲಿ, ಸೋರುವುದನ್ನು ಕಳೆದು, ಮೋಡೆಮ್ಮೊಂದೇ ಆದರೆ ಸುಮಾರು ಹದಿನೇಳು ಗಂಟೆ. ಪೂರ್ತಿ ತುಂಬುವಾಗ ಇದು 14.6 ವೋಲ್ಟಿನವರೆಗೆ ಏರುವುದರಿಂದ ನೇರವಾಗಿ ಮೋಡೆಮ್ಮಿಗೆ ಕೊಡದೆ, ಏರಿದ್ದನ್ನು ಇಳಿಸಿ, ಇಳಿದದ್ದನ್ನು ಏರಿಸಿ 12ರಲ್ಲೇ ಹಿಡಿದಿಡುವ ಪುಟ್ಟ ಕನ್ವರ್ಟರ್ ಹಾಕಬೇಕು. ಇಷ್ಟೆಲ್ಲ ಓದಿಕೊಂಡಿದ್ದ ನಾನು ಪಿನ್ನಿನ ವಿಷಯದಲ್ಲಿ ಮೋಸಹೋದೆ. ಹೊರಗಿನಿಂದ 5.5 ಮಿಲಿಮೀಟರಿನ ಎಲ್ಲ ಜಾಕುಗಳೂ ಒಂದೇ ಥರ ಕಾಣುತ್ತವೆ, ಒಳರಂಧ್ರ ಮಾತ್ರ ಕೆಲವಕ್ಕೆ 2.1, ಕೆಲವಕ್ಕೆ 2.5. ಹೊಂದುವ ಜಾಕನ್ನು ಹುಡುಕಿ, ಟಾರ್ಚಿನ ಬೆಳಕಿನಲ್ಲಿ ಅವಸರದಿಂದ ಬೆಸುಗೆ ಹಾಕಿ, ನಡುವಿನ ಪಿನ್ನಿಗೆ ಹೋಗಬೇಕಾದ ಕೆಂಪು ತಂತಿಯನ್ನು ಹೊರಕವಚಕ್ಕೆ ಕೊಟ್ಟಿದ್ದೆ. ಚುಂಯ್ ಎಂಬ ಸಣ್ಣ ಸದ್ದು, ಸುಟ್ಟ ವಾಸನೆ, ಮೋಡೆಮ್ಮಿನ ಸೀಳಿನಿಂದ ಬೀಡಿಯ ಹೊಗೆಯಷ್ಟು ಹೊಗೆ. ಹೊಸ ಮೋಡೆಮ್ ಕೊಂಡರೂ ಅದರ ಸೀರಿಯಲ್ ಸಂಖ್ಯೆಯನ್ನು ಕೇಬಲ್ಲಿನವರು ತಮ್ಮ ಕಡೆ ನೋಂದಾಯಿಸುವವರೆಗೆ ಅದು ಇಟ್ಟಿಗೆಗೆ ಸಮ. ಅಂದಿನಿಂದ ಮೀಟರಿನ ಕಡ್ಡಿ ತಾಗಿಸಿ, ಅಂಕಿಯ ಎಡಕ್ಕೆ ಮೈನಸ್ ಗುರುತು ಇಲ್ಲವೆಂದು ಖಾತ್ರಿಯಾದ ಮೇಲೆಯೇ ಪಿನ್ನು ಚುಚ್ಚುತ್ತೇನೆ.

ಈ ಏರ್ಪಾಡಿನಿಂದ ಆದ ಇನ್ನೊಂದು ಉಪಕಾರವನ್ನು ನಾನು ನಿರೀಕ್ಷಿಸಿರಲಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಆಕಾಶ ಗುಡುಗಿದ ತಕ್ಷಣ ಅಮ್ಮ ಒಳಗಿನಿಂದಲೇ "ತಮಾ, ಗುಡುಗ್ತಾ ಇದ್ದು, ಪ್ಲಗ್ ತೆಗೆದ್ಯ?" ಎಂದು ಕೇಳುವುದು ನಮ್ಮನೆಯ ವಾಡಿಕೆ. ತಾಮ್ರದ ತಂತಿಯ ಟೆಲಿಫೋನ್ ಇದ್ದ ಕಾಲದಲ್ಲಿ ಸಿಡಿಲು ಎರಡು ದಾರಿಯಿಂದ ಮನೆಯೊಳಗೆ ಬರುತ್ತಿತ್ತು. ಫೈಬರಿನ ಎಳೆ ಗಾಜಿನದಾದ್ದರಿಂದ ವಿದ್ಯುತ್ತನ್ನು ಒಯ್ಯುವುದಿಲ್ಲ, ಕೆಲವು ಕೇಬಲ್ಲುಗಳಲ್ಲಿ ಬಲಕ್ಕೆಂದು ಹಾಕಿದ ಉಕ್ಕಿನ ತಂತಿಯನ್ನು ಮಾತ್ರ ಗೋಡೆಯ ಹೊರಗೇ ಕತ್ತರಿಸಿಬಿಡುವುದು ಕ್ಷೇಮ. ಈಗ ಗುಡುಗಿದರೆ ಗೋಡೆಯ ಪ್ಲಗ್ ಕಿತ್ತಿಡುತ್ತೇನೆ, ಮೋಡೆಮ್ ಬ್ಯಾಟರಿಯ ಮೇಲೆ ನಡೆಯುತ್ತಿರುತ್ತದೆ. ಅಮ್ಮನ ಮಾತೂ ನಡೆಯಿತು, ಮೀಟಿಂಗೂ ನಿಲ್ಲಲಿಲ್ಲ.

ಇಷ್ಟಾದ ಮೇಲೂ ಮೊದಲ ಜೋರು ಮಳೆಯಲ್ಲಿ ಕರೆಂಟು ಹೋಗಿ ಅರ್ಧ ಗಂಟೆಗೆ ಇಂಟರ್ನೆಟ್ ನಿಂತುಹೋಯಿತು. ಮೋಡೆಮ್ಮಿನ ಪವರ್, ವೈಫೈ ದೀಪಗಳು ಹಸಿರಾಗಿಯೇ ಇದ್ದು, ಎಲ್‌ಓಎಸ್ ಎಂದು ಬರೆದ ದೀಪ ಕೆಂಪಗೆ ಮಿಟುಕುತ್ತಿತ್ತು. ಆ ಕಡೆಯಿಂದ ಬೆಳಕೇ ಬರುತ್ತಿಲ್ಲ ಎಂಬುದು ಅದರ ಅರ್ಥ. ದಾರಿಯಲ್ಲಿ ಬೆಳಕನ್ನು ಮನೆಮನೆಗೆ ಕವಲೊಡೆಸುವ ಸ್ಪ್ಲಿಟರಿಗೆ ಕರೆಂಟು ಬೇಡ, ಬೆಳಕನ್ನು ಹೊರಡಿಸುವ ಓಎಲ್‌ಟಿ ಯಂತ್ರಕ್ಕೆ ಬೇಕು. ದೊಡ್ಡ ಎಕ್ಸ್‌ಚೇಂಜಿನಲ್ಲಾದರೆ ಅದಕ್ಕೆ ಬ್ಯಾಟರಿ, ಜನರೇಟರ್ ಇರುತ್ತವೆ. ನಮ್ಮ ಊರಿನದು ಕಿರಾಣಿ ಅಂಗಡಿಯ ಅಟ್ಟದ ಮೇಲೆ, ಹಳೆಯ ಕಂಪ್ಯೂಟರ್ ಯುಪಿಎಸ್ ಒಂದರ ಭರವಸೆಯಲ್ಲಿ ಕುಳಿತಿತ್ತು. ಕೇಬಲ್ಲಿನವರಿಗೆ ಹೇಳಿದರೆ "ನೋಡೋಣ" ಎಂದರು, ಮಳೆಗಾಲ ಮುಗಿಯುವವರೆಗೂ ನೋಡಿದರು. ಮೊಬೈಲ್ ನೆಚ್ಚಿಕೊಳ್ಳೋಣವೆಂದರೆ ಟವರಿನ ಬ್ಯಾಟರಿಯೂ ಅಷ್ಟು ಹೊತ್ತಿಗೆ ಕೈಕೊಟ್ಟಿರುತ್ತಿತ್ತು.

ಕೊನೆಗೆ ಆ ಕೇಬಲ್ಲನ್ನೇ ನಂಬಿದ ಹನ್ನೆರಡು ಮನೆಯವರು ಹಣ ಕೂಡಿಸಿ ಅಂಗಡಿಯ ಅಟ್ಟಕ್ಕೊಂದು ಇನ್ವರ್ಟರ್ ಮತ್ತು ಟ್ಯೂಬುಲರ್ ಬ್ಯಾಟರಿ ಏರಿಸಿದೆವು. ಆ ಭಾರವನ್ನು ಮರದ ಏಣಿಯಲ್ಲಿ ಹತ್ತಿಸುವುದಕ್ಕೆ ಅಡಿಕೆಮರ ಹತ್ತುವ ಕೊನೆಗೌಡರ ಹಗ್ಗವೇ ಬೇಕಾಯಿತು. ಕರೆಂಟು ಹೋದರೆ ಅದು ಒಂದು ರಾತ್ರಿ ದಾಟಿ ಮರುದಿನ ಮಧ್ಯಾಹ್ನದವರೆಗೆ ನಡೆಯುತ್ತದೆ. ಅಂಗಡಿಯವರು ಸಂಜೆ ಫ್ರಿಜ್ಜಿಗೆಂದು ಜನರೇಟರ್ ಹಚ್ಚಿದಾಗ ತಾನೂ ಒಂದಿಷ್ಟು ತುಂಬಿಕೊಳ್ಳುತ್ತದೆ. ಬ್ಯಾಟರಿಗೆ ಡಿಸ್ಟಿಲ್ಡ್ ನೀರು ಹಾಕುವ ಕೆಲಸವನ್ನು ಮನೆಗಳ ನಡುವೆ ಪಾಳಿ ಮಾಡಿಕೊಂಡಿದ್ದೇವೆ. ಈ ಸಲದ ಪಾಳಿ ನಮ್ಮನೆಯದು, ಐದು ಲೀಟರಿನ ಕ್ಯಾನು ಜಗುಲಿಯ ಮೇಲೆ ಬಂದು ಕುಳಿತಿದೆ.