ಮೂರು ಮಿಲಿಮೀಟರಿಗೆ ನಿಲ್ಲಬೇಕಾಗಿದ್ದ ತೂತು

ಹೋದ ವಾರ ನಾದಿನಿ ಮನೆಗೆ ಬಂದಿದ್ದಳು. ದೇವರ ಮನೆಯಲ್ಲಿದ್ದ ಹಿತ್ತಾಳೆ ಅಗರಬತ್ತಿ ಸ್ಟ್ಯಾಂಡ್ ನೋಡಿ, "ಭಾವ, ಇದನ್ನ ಎಲ್ಲಿ ತಗೊಂಡ್ರಿ? ಎಷ್ಟು ಚೆನ್ನಾಗಿದೆ" ಅಂದಳು. ನನ್ನ ಹೆಂಡತಿ ಅಡುಗೆಮನೆಯಿಂದಲೇ ನಗೋಕೆ ಶುರು ಮಾಡಿದಳು. ಅದು ಸ್ಟ್ಯಾಂಡ್ ಅಲ್ಲ. ನಾನು ಮಾಡುತ್ತಿದ್ದ ಪುಟ್ಟ ಮಾದರಿ ಸ್ಟೀಮ್ ಇಂಜಿನ್ನಿನ ಸಿಲಿಂಡರ್ ಆಗಬೇಕಾಗಿದ್ದ ತುಂಡು.

ನಾನು 31 ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ರಿಟೈರ್ ಆದ ಮೇಲೆ ಮೊಮ್ಮಗನನ್ನು ಕರೆದುಕೊಂಡು ಮೈಸೂರಿನ ರೈಲ್ವೆ ಮ್ಯೂಸಿಯಮ್ಮಿಗೆ ಹೋಗಿದ್ದೆ. ಅವನು ಐಸ್ ಕ್ರೀಮ್ ಕಡೆ ನೋಡುತ್ತಿದ್ದ, ನಾನು ಹಳೇ ಇಂಜಿನ್ನುಗಳ ಚಕ್ರ ನೋಡುತ್ತಾ ನಿಂತುಬಿಟ್ಟೆ. ಒಂದು ತಿಂಗಳಲ್ಲಿ ಕಾರ್ ಶೆಡ್ಡಿಗೆ ಪುಟ್ಟ ಲೇತ್ ಬಂತು, ಲೋಹದ ತುಂಡನ್ನು ತಿರುಗಿಸುತ್ತಾ ಕೊರೆಯುವ ಯಂತ್ರ. ಕಾರು ಬೀದಿಗೆ ಹೋಯಿತು.

ಮೊದಲ ತಪ್ಪು ನಾಚಿಕೆಗೇಡಿನದು. 12 ಮಿ.ಮೀ. ರಾಡನ್ನು 10ಕ್ಕೆ ಇಳಿಸಬೇಕಿತ್ತು. ನನ್ನ ಲೇತಿನ ಹ್ಯಾಂಡಲ್ ಒಂದು ಸುತ್ತು ತಿರುಗಿಸಿದರೆ ಟೂಲ್ 1 ಮಿ.ಮೀ. ಒಳಗೆ ಹೋಗುತ್ತದೆ. ಎರಡು ಮಿ.ಮೀ. ತೆಗೆಯೋಕೆ ಎರಡು ಸುತ್ತು, ಅಲ್ವಾ? ಸ್ವಲ್ಪ ಸ್ವಲ್ಪವಾಗಿ, ಬಹಳ ಶಿಸ್ತಿನಿಂದ ಎರಡು ಸುತ್ತು ಮುಗಿಸಿದೆ. ಮಧ್ಯೆ ಅಳೆಯಲಿಲ್ಲ. ಬ್ಯಾಂಕಿನವನಿಗೆ ಎರಡು ಕೂಡೋಕೆ ಬರಲ್ವಾ! ಕೊನೆಗೆ ವರ್ನಿಯರ್ ಇಟ್ಟರೆ 8. ರಾಡು ತಿರುಗುತ್ತಿರುತ್ತದೆ, ಟೂಲ್ ಒಂದು ಕಡೆ ಕೊರೆದರೂ ಎರಡೂ ಕಡೆ ಹೋಗುತ್ತದೆ. ಡೆಬಿಟ್ ಒಂದು ಸಲ ಹಾಕಿದ್ದೆ, ಖಾತೆಯಿಂದ ಎರಡು ಸಲ ಹೋಗಿತ್ತು.

ನಮ್ಮ ಬೀದಿಯಲ್ಲಿ ಒಬ್ಬರಿದ್ದಾರೆ, ಪೀಣ್ಯದಲ್ಲಿ ಟರ್ನರ್, ಅಂದರೆ ಲೇತ್ ಕೆಲಸದವರು, ಆಗಿದ್ದವರು. ನಾನು ಮೇಸ್ತ್ರಿ ಅಂತಲೇ ಕರೆಯೋದು. ರಾಡು ನೋಡಿ ಅವರು ಹೇಳಿದ್ದು ಇಷ್ಟೇ: "ಬಿಡಿ ಸಾರ್, ಎಂಟು ಮಿಲಿಮೀಟರ್ ಕೆಲಸ ಯಾವತ್ತಾದ್ರೂ ಬರುತ್ತೆ." ಆ ರಾಡು ಹಾರ್ಲಿಕ್ಸ್ ಡಬ್ಬಕ್ಕೆ ಹೋಯಿತು. ಆ ಡಬ್ಬ ಈಗ ತುಂಬಿದೆ.

ಲೇತಿನಲ್ಲಿ ರಾಡನ್ನು ಹಿಡಿದು ತಿರುಗಿಸುವ ಹಿಡಿಕೆ ಚಕ್. ಅದನ್ನು ಬಿಗಿ ಮಾಡುವ ಕೀ ಚಕ್ಕಿನಲ್ಲೇ ಬಿಟ್ಟು ಸ್ವಿಚ್ ಹಾಕಿದ್ದೂ ಆಗಿದೆ. ಒಂದೇ ಸಲ. ಅದು ಹಾರಿಹೋಗಿ ಗೋಡೆಗೆ ನೇತುಹಾಕಿದ್ದ ಹಳೇ ಇಡ್ಲಿ ಪಾತ್ರೆಗೆ ಬಡಿದು ದೇವಸ್ಥಾನದ ಗಂಟೆಯಂಥ ಸದ್ದು ಬಂತು. ಪಾತ್ರೆಗೆ ತಗುಲಿದ್ದು ನನ್ನ ಹಣೆಗೆ ತಗುಲಬಹುದಿತ್ತು. ಆವತ್ತಿನಿಂದ ಕೀ ಸ್ವಿಚ್ ಮೇಲೇ ನೇತಾಡುತ್ತದೆ. ಅದನ್ನು ಅಲ್ಲಿ ವಾಪಸ್ ಹಾಕದೆ ನಾನು ಸ್ವಿಚ್ ಮುಟ್ಟುವುದಿಲ್ಲ.

ಈಗ ಸಿಲಿಂಡರ್ ವಿಷಯ. ನಾನು ಮಾಡುತ್ತಿದ್ದದ್ದು ಓಲಾಡುವ ಸಿಲಿಂಡರಿನ ಇಂಜಿನ್. ಸಿಲಿಂಡರೇ ಒಂದು ಸ್ಕ್ರೂ ಮೇಲೆ ತೊಟ್ಟಿಲ ಹಾಗೆ ಆ ಕಡೆ ಈ ಕಡೆ ಆಡುತ್ತದೆ. ಹಾಗೆ ಆಡುವಾಗ ಅದರ ತೂತು ಹಿಂದಿನ ಪ್ಲೇಟಿನ ಎರಡು ತೂತುಗಳಿಗೆ ಸರದಿಯ ಮೇಲೆ ಕೂಡುತ್ತದೆ. ಒಂದರಿಂದ ಸ್ಟೀಮ್ ಒಳಗೆ, ಇನ್ನೊಂದರಿಂದ ಹೊರಗೆ. ಬೇರೆ ವಾಲ್ವ್ ಬೇಡ. ಕಲಿಯೋರಿಗೆ ಇದೇ ಸುಲಭ ಅಂತಾರೆ.

20 ಮಿ.ಮೀ. ಚೌಕದ ಹಿತ್ತಾಳೆ, ಒಳಗೆ ಸ್ಟೀಮ್ ತಳ್ಳುವ ಪಿಸ್ಟನ್ ಆಡೋಕೆ 12 ಮಿ.ಮೀ. ತೂತು. ಅದನ್ನು ಎರಡು ಸಂಜೆ ಕೂತು ಕನ್ನಡಿಯ ಹಾಗೆ ನುಣುಪು ಮಾಡಿದ್ದೆ. ಉಳಿದ ಗೋಡೆ 4 ಮಿ.ಮೀ. ಅದಕ್ಕೆ ಹೊರಗಿನಿಂದ ಸ್ಕ್ರೂಗೆ ತೂತು, 3 ಮಿ.ಮೀ. ಆಳಕ್ಕೆ ನಿಲ್ಲಬೇಕು. ಡ್ರಿಲ್ ಇಳಿಸಿದೆ. ಮೊದಲು ಮೆತ್ತಗೆ ಹೋಗುತ್ತಿತ್ತು. ಆಮೇಲೆ ಹ್ಯಾಂಡಲ್ ನನ್ನ ಕೈಯಿಂದ ತಾನೇ ಕೆಳಗೆ ಹೋಯಿತು. ಸ್ಕ್ರೂ ಥರ ತನ್ನನ್ನು ತಾನೇ ಎಳೆದುಕೊಂಡು, ಟಕ್ ಅಂತ ಒಳಗಿನ ಕನ್ನಡಿಯ ಮಧ್ಯದಲ್ಲಿ ಡ್ರಿಲ್ಲಿನ ಮೂತಿ ಕಾಣಿಸಿಕೊಂಡಿತು.

"ಹಿತ್ತಾಳೆ ಹಾಗೇನೇ ಸಾರ್, ಕಚ್ಚಿ ಎಳೆಯುತ್ತೆ," ಅಂದರು ಮೇಸ್ತ್ರಿ. ಕಬ್ಬಿಣಕ್ಕೆ ಸಾಣೆ ಹಿಡಿದ ಬಿಟ್ ಹಿತ್ತಾಳೆಗೆ ಜಾಸ್ತಿ ಚೂಪು. ಬಿಟ್ಟಿನ ಕತ್ತರಿಸುವ ಅಂಚನ್ನು ಎಣ್ಣೆಕಲ್ಲಿನಿಂದ ಒಂದು ಚೂರು ಚಪ್ಪಟೆ ಮಾಡಿಕೊಳ್ಳಬೇಕು, ಆಗ ಎಳೆಯದೆ ಕೆರೆಯುತ್ತದೆ. ಅವರು ಎರಡು ನಿಮಿಷದಲ್ಲಿ ಮಾಡಿ ತೋರಿಸಿದರು. ಇದನ್ನು ಹಿಂದಿನ ದಿನ ಕೇಳಬಹುದಿತ್ತು.

ಆ ತುಂಡು ಹಾರ್ಲಿಕ್ಸ್ ಡಬ್ಬ ಸೇರುವ ಮೊದಲೇ ಹೆಂಡತಿ ಎತ್ತಿಕೊಂಡಳು. "ರೀ, ಊದುಬತ್ತಿ ಸರಿಯಾಗಿ ನಿಲ್ಲುತ್ತೆ ಇದರಲ್ಲಿ." ಸ್ವಲ್ಪ ವಾಲುತ್ತದೆ, ಪರವಾಗಿಲ್ಲ.

ಎರಡನೇ ಸಿಲಿಂಡರ್ ಸರಿಯಾಗಿ ಬಂತು. ಆಮೇಲೆ ತಾಮ್ರದ ಪೈಪು. ಎರಡೂ ತುದಿಗೆ ಬೆಳ್ಳಿ ಬೆಸುಗೆ ಹಾಕಿದೆ, ತಣ್ಣಗಾದ ಮೇಲೆ ನಿಂಬೆಹಣ್ಣಿನಲ್ಲಿ ಉಜ್ಜಿ ಫಳಫಳ ಮಾಡಿದೆ. ನೋಡಿದರೆ ಪೈಪಿಗೆ ಮೊದಲೇ ಹಾಕಬೇಕಿದ್ದ ನಟ್ ಮೇಜಿನ ಮೇಲೆ ನನ್ನನ್ನೇ ನೋಡುತ್ತಾ ಕೂತಿದೆ. ಊಟ ಬಡಿಸಿದ ಮೇಲೆ ತಾಳಿ ಕಟ್ಟಿಲ್ಲ ಅಂತ ನೆನಪಾದ ಹಾಗೆ. ಇನ್ನೊಂದು ಪೈಪು ಕತ್ತರಿಸಿದೆ. ಈ ಸಲ ನಟ್ ಮೊದಲೇ ಹಾಕಿದೆ. ತಲೆಕೆಳಗಾಗಿ ಹಾಕಿದ್ದೆ.

ಮೂರನೇ ಪೈಪಿನೊಂದಿಗೆ, ಒಂದು ಭಾನುವಾರ, ಸೈಕಲ್ ಪಂಪಿನ ಗಾಳಿಯಲ್ಲಿ ಇಂಜಿನ್ ತಿರುಗಿತು. ಮೊಮ್ಮಗ ಪಂಪ್ ಹೊಡೆದ. ಚಕ್ರವನ್ನು ನಾನು ಬೆರಳಿನಿಂದ ಒಂಚೂರು ತಳ್ಳಿದ ಮೇಲೆ ಟುಕುಟುಕು ಅಂತ ಶುರುವಾಯಿತು. ಹೆಂಡತಿ ಬಂದು ನೋಡಿ, "ಇದು ಏನ್ ಮಾಡುತ್ತೆ?" ಅಂದಳು. "ತಿರುಗುತ್ತೆ," ಅಂದೆ. ಇನ್ನೇನು ಹೇಳಲಿ?

ಮೊಮ್ಮಗನ ಪ್ರಶ್ನೆ ಇನ್ನೂ ಕಷ್ಟದ್ದು. "ತಾತ, ರೈಲಿನ ಡ್ರೈವರೂ ಇಳಿದು ಬಂದು ಬೆರಳಲ್ಲಿ ತಳ್ತಾನಾ?" ಒಂದೇ ಸಿಲಿಂಡರಾದರೆ ಪಿಸ್ಟನ್ ತುದಿಗೆ ಹೋದಾಗ ಸಿಕ್ಕಿಕೊಳ್ಳುತ್ತದೆ. ದೊಡ್ಡ ಇಂಜಿನ್ನಿಗೆ ಎಡಕ್ಕೊಂದು ಬಲಕ್ಕೊಂದು ಸಿಲಿಂಡರ್, ಎರಡರ ಕ್ರಾಂಕಿಗೂ, ಅಂದರೆ ಚಕ್ರ ತಿರುಗಿಸುವ ತೋಳಿಗೂ, 90 ಡಿಗ್ರಿ ಅಂತರ. ಒಂದು ಸಿಕ್ಕಿಕೊಂಡಾಗ ಇನ್ನೊಂದು ಎಳೆಯುತ್ತದೆ. ಇಷ್ಟೆಲ್ಲ ಹೇಳಿ ಮುಗಿಸಿದೆ. "ಹಾಗಿದ್ರೆ ನೀನೂ ಎರಡು ಮಾಡು," ಅಂದ.

ನಿನ್ನೆ ಗುಜರಿ ಅಂಗಡಿಯಿಂದ ಹಿತ್ತಾಳೆ ತಂದಿದ್ದೇನೆ. ಬೇಕಾದದ್ದು ಒಂದು ತುಂಡು, ತಂದದ್ದು ಎರಡು. ನಾದಿನಿಗೂ ಒಂದು ಸ್ಟ್ಯಾಂಡ್ ಬೇಕಂತೆ.