ಹೊಸ ಮ್ಯಾಟ್

ಭಾನುವಾರ, 12 ಅಕ್ಟೋಬರ್ 2025

ಇವತ್ತು ಕೊಳ್ಳೋಣ ಅಂತ ಒಂದು ಹಳೆಯ ಪಾಪ್‌ಅಪ್ ಕ್ಯಾಂಪರ್ (ಕಾರಿನ ಹಿಂದೆ ಎಳೆದೊಯ್ಯುವ, ಛಾವಣಿ ಎತ್ತಿ ಬಿಚ್ಚಿಕೊಳ್ಳುವ ಮಡಚುವ ಡೇರೆಗಾಡಿ) ನೋಡಲು ಹೋಗಿದ್ದೆವು, ನಾನು ಮತ್ತು ಭಾವ. "ನಾವು ಬರುವವರೆಗೆ ತೆರೆಯಬೇಡಿ" ಅಂತ ಮಾರುವವರಿಗೆ ಫೋನಿನಲ್ಲಿ ಎರಡು ಸಲ ಹೇಳಿದ್ದೆ. ಹೋಗಿ ನೋಡಿದರೆ ಛಾವಣಿ ಎತ್ತಿ, ಎರಡೂ ಕಡೆಯ ಹಾಸಿಗೆ ಹೊರಗೆಳೆದು, ಕಿಟಕಿಗಳ ಜಿಪ್ಪೆಲ್ಲ ಬಿಚ್ಚಿಟ್ಟಿದ್ದಾರೆ. ಒಳ್ಳೆ ಗಾಳಿ ಆಡುತ್ತಿದೆ. "ನಿಮಗ್ಯಾಕೆ ತೊಂದರೆ ಅಂತ ಬೆಳಿಗ್ಗೆಯೇ ತೆರೆದೆ" ಅಂದರು. ಮಡಚಿಟ್ಟ ಕ್ಯಾಂಪರ್ ತೆರೆದ ತಕ್ಷಣ ಬರುವ ವಾಸನೆ ಇದೆಯಲ್ಲ, ನನಗೆ ಬೇಕಾಗಿದ್ದದ್ದೇ ಅದು. ಮುಗ್ಗಲು ಹಿಡಿದಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಸರಿ, ಒಮ್ಮೆ ಮುಚ್ಚಿ ಮತ್ತೆ ತೆರೆಯೋಣ ಅಂದೆ. ಅವರಿಗೆ ಅಷ್ಟು ಹಿಡಿಸಲಿಲ್ಲ. ಭಾವ ಹ್ಯಾಂಡಲ್ ತಿರುಗಿಸಿದರು, ನಾನು ದೂರ ನಿಂತು ನೋಡಿದೆ. ಮೂರು ಮೂಲೆ ಒಟ್ಟಿಗೆ ಎದ್ದವು. ಹಿಂದಿನ ಎಡಮೂಲೆ ಮಾತ್ರ ಮೂರು ಬೆರಳಷ್ಟು ಕೆಳಗೇ ಉಳಿಯಿತು. ಛಾವಣಿ ಎತ್ತುವ ಕೇಬಲ್ ಸಡಿಲವಾಗಿರಬೇಕು, ಬಿಗಿ ಮಾಡಿದರಾಯಿತು ಅಂದುಕೊಂಡೆ.

ಟೈರಿನ ಗೆರೆಗಳು ಹೊಸದರಂತಿದ್ದವು. ಪಕ್ಕದಲ್ಲಿ ಒತ್ತಿದ ಕೊನೆಯ ನಾಲ್ಕು ಅಂಕಿ 3112. ಅಂದರೆ 2012ರ 31ನೇ ವಾರ ತಯಾರಾದದ್ದು. ಓಡದೆ ನಿಂತಲ್ಲೇ ಮುದಿಯಾಗಿವೆ, ಅಂಚಿನಲ್ಲೆಲ್ಲ ಕೂದಲೆಳೆ ಬಿರುಕು. ಗ್ಯಾಸಿನ ಫ್ರಿಜ್ ತಣ್ಣಗಾಗಲು ಗಂಟೆಗಟ್ಟಲೆ ಬೇಕು, ಹಿಂದಿನ ರಾತ್ರಿಯೇ ಹಚ್ಚಿಡಿ ಅಂದಿದ್ದೆ. ಹಚ್ಚಿರಲಿಲ್ಲ. ಬೇಡ ಅಂದದ್ದನ್ನು ಮಾಡಿದ್ದಾರೆ, ಮಾಡಿ ಅಂದದ್ದನ್ನು ಬಿಟ್ಟಿದ್ದಾರೆ!

ಕ್ಯಾನ್ವಾಸ್ ಪರವಾಗಿಲ್ಲ. ಕಿಟಕಿಗಳನ್ನೆಲ್ಲ ಮುಚ್ಚಿ ಒಳಗಿಂದ ಬಿಸಿಲಿಗೆ ನೋಡಿದೆ, ಹೊಲಿಗೆಯ ಹತ್ತಿರ ಸೂಜಿಮೊನೆಯಷ್ಟು ಬೆಳಕು ನಾಲ್ಕೈದು ಕಡೆ. ಅಷ್ಟಕ್ಕೆ ಹೆದರಬೇಕಿಲ್ಲ.

ಆಮೇಲೆ ನೆಲ. ಎಲ್ಲವೂ ಹಳೆಯದಿರುವ ಕಡೆ ಹಿಂದಿನ ಮೂಲೆಯಲ್ಲಿ ಒಂದೇ ಒಂದು ಹೊಸ ಮ್ಯಾಟ್. ಸ್ಕ್ರೂಡ್ರೈವರಿನ ಹಿಡಿಯಿಂದ ಬಾಗಿಲಿನಿಂದಲೇ ತಟ್ಟುತ್ತಾ ಬಂದೆ. ಟಕ್, ಟಕ್, ಟಕ್. ಮ್ಯಾಟ್ ಸರಿಸಿ ತಟ್ಟಿದರೆ ದಪ್. ಮೇಲಿನ ವಿನೈಲ್ ನೋಡಲು ನುಣುಪಾಗಿಯೇ ಇತ್ತು, ಹಿಮ್ಮಡಿ ಊರಿದರೆ ಮಾತ್ರ ಮೆಲ್ಲಗೆ ತಗ್ಗುತ್ತಿತ್ತು. ಗಾಡಿಯ ಅಡಿಗೆ ನುಸುಳಿ ಟಾರ್ಚ್ ಬಿಟ್ಟೆ. ಪ್ಲೈವುಡ್ ಅಂಗೈಯಗಲ ಕಪ್ಪಗಿದೆ. ಮೊನೆ ಚುಚ್ಚಿದರೆ ನೆನೆದ ರಟ್ಟಿನ ಹಾಗೆ ಒಳಗೆ ಹೋಯಿತು. ಪದರ ಪದರವಾಗಿ ಮುಖದ ಮೇಲೆ ಉದುರಿತು. ನೇರ ಮೇಲೆ, ಛಾವಣಿಯ ಅಂಚಿನಲ್ಲಿ, ನೀರು ಸೋರದಂತೆ ಹಚ್ಚಿದ್ದ ಹಳೆಯ ಸೀಲಂಟ್ ಮೇಲೆ ಹೊಸದಾಗಿ ಬಳಿದ ಬಿಳಿ ಸಿಲಿಕಾನ್. ಛಾವಣಿ ಹಿಂದುಳಿದ ಮೂಲೆಯೂ ಅದೇ. ಎತ್ತುವ ಕಂಬ ಕೂತಿರುವುದೂ ಅಲ್ಲೇ. ಸುಮ್ನೆ ಕೇಬಲ್ ಮೇಲೆ ತಪ್ಪು ಹೊರಿಸಿದ್ದೆನೋ ಏನೋ.

"ಹಲಗೆ ಬದಲಾಯಿಸಿದರಾಯಿತು, ಅಲ್ವಾ?" ಅಂದರು ಭಾವ. ಗೋಡೆ, ಕಪಾಟು ಎಲ್ಲ ನಿಂತಿರುವುದೇ ಆ ಹಲಗೆ ಮೇಲೆ. ಅದನ್ನು ತೆಗೆಯಬೇಕಾದರೆ ಇಡೀ ಕ್ಯಾಂಪರ್ ಬಿಚ್ಚಬೇಕು. ನನ್ನ ಕೈಲಾಗದ ಕೆಲಸ.

ಫೋನ್ ಮಾಡ್ತೀವಿ ಅಂತ ಹೇಳಿ ಹೊರಟೆವು. ತಿರುಗಿ ನೋಡಿದರೆ ಅವರು ಮ್ಯಾಟನ್ನು ಮತ್ತೆ ಅದೇ ಮೂಲೆಗೆ ಎಳೆದು, ಕಾಲಿನಿಂದ ಅಂಚು ಸರಿ ಮಾಡುತ್ತಿದ್ದರು.